ಕುಂಬಳಕಾಯಿ ಕದಿಯದ ಹೆಗಲು

ದಾವಣಗೆರೆಯ ಬೇಸಿಗೆ ಅಂದರೆ ನನಗೆ ಮೊದಲು ನೆನಪಾಗುವುದು ಬಿಸಿಲಲ್ಲ, ಗಾಳಿಯಲ್ಲಿ ತೇಲುವ ಹತ್ತಿಯ ಎಳೆ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನುಗಳ ಕಡೆಯಿಂದ ಗಾಳಿ ಬೀಸಿದರೆ ಸಾಕು, ಓಣಿಯುದ್ದಕ್ಕೂ ಅದು ಸುಮ್ಮನೆ ತೇಲಿ ಬರುತ್ತಿತ್ತು. ಒಣಹಾಕಿದ ಸೀರೆಯ ಮೇಲೆ, ಹಾಲಿನ ತಪ್ಪಲೆಯ ಮುಚ್ಚಳದ ಮೇಲೆ, ಕಟ್ಟೆಯಲ್ಲಿ ತೂಕಡಿಸುವ ಅತ್ತೆಯವರ ಹುಬ್ಬಿನ ಮೇಲೆ ಕೂರುತ್ತಿತ್ತು. ಹರಿಹರದ ಹೊಳೆ ದಂಡೆಯಲ್ಲಿ ಬೆಳೆದು, ಮದುವೆಯಾಗಿ ಇಲ್ಲಿಗೆ ಬಂದ ನನಗೆ ಇಡೀ ಊರೇ ಅರೆನಿದ್ದೆಯಲ್ಲಿ ಕಂಡ ಹಾಗೆ ಅನಿಸುತ್ತಿತ್ತು. ಐವತ್ತರ ದಶಕ ಮುಗಿದು ಅರವತ್ತು ಹಿಡಿದ ಕಾಲ. ಈಗ ನೆನೆದರೆ ಆ ವರ್ಷದ ಎಲ್ಲವೂ, ಕೊಲೆಗಳೂ ಸೇರಿ, ಆ ಎಳೆಗಳ ಹಿಂದೆ ಮಸುಕಾಗಿ ನಿಂತಿವೆ. ಒಂದೆರಡು ಮಾತುಗಳು ಮಾತ್ರ ಮಸುಕಾಗಿಲ್ಲ.

ಮನೆಯಲ್ಲಿ ಅತ್ತೆಯವರು, ಅವರ ಇಬ್ಬರು ಗಂಡುಮಕ್ಕಳು. ಹಿರಿಯವರು ಭಾವ, ಹತ್ತಿ ದಲ್ಲಾಳಿ ಅಂಗಡಿ ನೋಡಿಕೊಳ್ಳುತ್ತಿದ್ದರು. ಕಿರಿಯವರು ನನ್ನ ಯಜಮಾನರು. ಭಾವನವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಒಡಹುಟ್ಟಿದ ಅಕ್ಕಂದಿರಿಗಿಂತ ಹೆಚ್ಚು ಪ್ರೀತಿಯಿಂದಲೇ ಅನ್ನುತ್ತಿದ್ದೆ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಾವನವರ ಕಾಲದಿಂದ ಬಂದದ್ದಂತೆ. ಏನಾದರೂ ಒಡೆದು, ಚೆಲ್ಲಿ, ಸೀದು ಜಗಳ ಹತ್ತಿಕೊಂಡರೆ ಮನೆಯ ಹಿರಿಯ ಗಂಡಸು ಬಂದು "ಅದು ನಂದೇ ತಪ್ಪು, ಬಿಡ್ರಿ ಅತ್ಲಾಗೆ" ಅನ್ನಬೇಕು. ಅಂದಮೇಲೆ ಯಾರೂ ಮಾತು ಬೆಳೆಸುವ ಹಾಗಿಲ್ಲ. ಹಾಗೆ ಅಂದವರು ತಪ್ಪು ಮಾಡಿದವರಲ್ಲ ಎನ್ನುವುದು ಮನೆಯ ಬೆಕ್ಕಿಗೂ ಗೊತ್ತಿರುತ್ತಿತ್ತು. ಮಾಡಿದವರು ಒಳಗೊಳಗೇ ನಾಚಿಕೊಂಡು ಸುಮ್ಮನಾಗುತ್ತಿದ್ದರು. ಮಾವನವರು ತೀರಿಕೊಂಡ ಮೇಲೆ ಅವರ ರುಮಾಲು, ಅಂಗಡಿಯ ಬೀಗದ ಕೈ, ಈ ಮಾತು ಮೂರೂ ಭಾವನವರ ಪಾಲಿಗೆ ಬಂದವು.

ನಾನು ಬಂದ ಹೊಸತರಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ. ಅತ್ತೆಯವರು ತುತ್ತು ಬಾಯಿಗಿಟ್ಟು ಹರಿಹರದ ಕಡೆಯವರ ಕೈಗುಣದ ಬಗ್ಗೆ ಪುರಾಣ ಶುರು ಮಾಡುವಷ್ಟರಲ್ಲಿ ಭಾವ, "ಉಪ್ಪು ಸಾಲ್ದೇನೋ ಅಂತ ನಾನೇ ಹಾಕ್ದೆ ಕಣವ್ವಾ. ನಂದೇ ತಪ್ಪು, ಬಿಡ್ರಿ ಅತ್ಲಾಗೆ" ಅಂದರು. ಅಡುಗೆಮನೆಯ ಹೊಸ್ತಿಲನ್ನೇ ದಾಟದ ಮನುಷ್ಯ! ನನಗೆ ಅಳುವೂ ಬಂತು, ನಗುವೂ ಬಂತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ. ನಮ್ಮ ಭಾವ ಕಾಯಿ ಕದಿಯದೆಯೇ ಹೆಗಲು ಮುಟ್ಟಿಕೊಳ್ಳುವವರು ಎಂದು ಅಕ್ಕನ ಹತ್ತಿರ ತಮಾಷೆ ಮಾಡುತ್ತಿದ್ದೆ. ಅಕ್ಕ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು.

ಒಂದೇ ಒಂದು ತಪ್ಪನ್ನು ಮಾತ್ರ ಭಾವ ತಮ್ಮ ಮೇಲೆ ಹಾಕಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಅಕ್ಕನಿಗೆ ಮದುವೆಯಾಗಿ ವರ್ಷಗಳೇ ಕಳೆದರೂ ಮಕ್ಕಳಾಗಿರಲಿಲ್ಲ. ಓಣಿಯ ತೊಟ್ಟಿಲ ಕಾರ್ಯಕ್ಕೆ ಕರೆಯಲು ಬಂದವರು ನನಗೆ ಕುಂಕುಮ ಕೊಟ್ಟು, ಅಕ್ಕನ ಮುಂದೆ ಕರಡಿಗೆ ಹಿಡಿಯಲು ಒಂದು ಗಳಿಗೆ ತಡೆಯುತ್ತಿದ್ದರು. ಅವರು ಹೋದಮೇಲೆ ಅತ್ತೆಯವರು ಕಂಬಕ್ಕೆ ಹೇಳಿದ ಹಾಗೆ, "ಬಂಜೆ ಎಮ್ಮೆಗೆ ಹಿಂಡಿ ಹಾಕಿ ಏನು ಉಪಯೋಗ" ಅನ್ನುತ್ತಿದ್ದರು. ಆಗ ಭಾವ ಮಾತಿಲ್ಲದೆ ಎದ್ದು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ನಡೆಯುತ್ತಿದ್ದರು. ಉಪ್ಪಿಗೆ ಬಾಯಿ ಬಿಡುವ ಮನುಷ್ಯ ಇದಕ್ಕೆ ಯಾಕೆ ಬಿಡುವುದಿಲ್ಲ ಎಂದು ನನಗೆ ಅವರ ಮೇಲೆ ಬಹಳ ಸಿಟ್ಟು ಬರುತ್ತಿತ್ತು.

ಕೊಲೆಗಳು ಶುರುವಾದದ್ದು ಆ ಬೇಸಿಗೆಯಲ್ಲಿ. ಸೆಕೆಗೆ ಜನ ಎಲ್ಲೆಂದರಲ್ಲಿ ಮಲಗುತ್ತಿದ್ದರು. ಮಾಳಿಗೆ ಮೇಲೆ, ಅಂಗಡಿ ಕಟ್ಟೆ ಮೇಲೆ, ಹರಿಹರದಲ್ಲಾದರೆ ಹೊಳೆಯ ಮರಳಿನ ಮೇಲೆ. ಮೊದಲು ನನ್ನ ತವರಿನ ಹತ್ತಿರದ ಹೊಳೆ ಮಂಟಪದಲ್ಲಿ ಮಲಗಿದ್ದ ಒಬ್ಬ ದಾರಿಹೋಕನ ತಲೆಯ ಮೇಲೆ ಯಾರೋ ಕಲ್ಲು ಎತ್ತಿಹಾಕಿದ್ದರು. ಆಮೇಲೆ ದಾವಣಗೆರೆಯಲ್ಲಿ ಜಿನ್ನಿನ ಕಾವಲುಗಾರ. ಆಮೇಲೆ ಸಂತೆ ಮೈದಾನದಲ್ಲಿ ಚಿಂದಿ ಆಯುತ್ತಿದ್ದ ಮುದುಕಿ. ಅವರಲ್ಲಿ ಯಾರ ಹತ್ತಿರವೂ ಕದಿಯುವಂಥದ್ದು ಏನೂ ಇರಲಿಲ್ಲ. ಅದಕ್ಕೇ ಊರು ಹೆಚ್ಚು ಹೆದರಿತು. ಕಳ್ಳನಿಗೆ ಬೀಗ ಹಾಕಬಹುದು, ಏನೂ ಬೇಡದೆ ಕೊಲ್ಲುವವನಿಗೆ ಏನು ಹಾಕುವುದು? ಮಂಚಗಳೆಲ್ಲ ಒಳಗೆ ಬಂದವು. ಕಿಟಕಿ ಮುಚ್ಚಿಕೊಂಡು ಬೆವರಿನಲ್ಲಿ ಬೆಂದೆವು.

ವಿಚಿತ್ರವೆಂದರೆ ಕೊಲೆಗಾರ ಸಿಗಲಿಲ್ಲ, ಒಪ್ಪಿಕೊಳ್ಳುವವರು ಮಾತ್ರ ಸಿಗುತ್ತಲೇ ಹೋದರು. ಒಬ್ಬ ಬೈರಾಗಿ, ಪೊಲೀಸರು ಏನು ಕೇಳಿದರೂ ತಲೆಯಾಡಿಸಿದನಂತೆ. ಒಬ್ಬ ಕುಡುಕ, ಹೆಂಡದಂಗಡಿಯಲ್ಲಿ ಎದೆ ತಟ್ಟಿ ನಾನೇ ಎಂದನಂತೆ, ಅಮಲಿಳಿದ ಮೇಲೆ ಅಳುತ್ತಾ ಕುಳಿತನಂತೆ. ಇನ್ನೊಬ್ಬ ಎರಡು ಏಟು ಬೀಳುವ ಮೊದಲೇ ಒಪ್ಪಿಕೊಂಡು, ಹೇಗೆ ಕೊಂದೆ ಅಂದರೆ "ನೀವು ಹೆಂಗೆ ಹೇಳ್ತೀರೋ ಹಂಗೆ" ಅಂದನಂತೆ. ನನ್ನ ಯಜಮಾನರು ಪೇಟೆಯಿಂದ ಈ ಸುದ್ದಿಗಳನ್ನು ತರುತ್ತಿದ್ದರು, ನಾವು ಮಂಡಕ್ಕಿ ಮೆಲ್ಲುತ್ತಾ ಕೇಳಿ ನಗುತ್ತಿದ್ದೆವು. ಇನ್ನೊಬ್ಬರ ಮನೆಯ ಸುದ್ದಿ ಯಾವಾಗಲೂ ಮಂಡಕ್ಕಿಗೆ ಚೆನ್ನಾಗಿ ಹೊಂದುತ್ತದೆ.

ಒಂದು ಬೆಳಿಗ್ಗೆ ನಮ್ಮ ಅಂಗಡಿಯ ಹಮಾಲನನ್ನೇ ಹಿಡಿದುಕೊಂಡು ಹೋದರು. ಪಕ್ಕದ ಹದಡಿ ಊರಿನವನು, ಹತ್ತಿ ತುಂಬಿದ ಅಂಡಿಗೆಯನ್ನು ಮಗುವಿನ ಹಾಗೆ ಹೊತ್ತು ತರುತ್ತಿದ್ದ ಆಳು. ಮಂಟಪದಲ್ಲಿ ಕೊಲೆಯಾದ ಹಿಂದಿನ ಸಂಜೆ ಗಾಡಿ ಜೊತೆ ಹರಿಹರಕ್ಕೆ ಹೋಗಿದ್ದ ಎನ್ನುವುದೊಂದೇ ಅವನ ಮೇಲಿದ್ದ ಗುಮಾನಿ. ಕಳಿಸಿದ್ದು ಭಾವನವರೇ. ಅವನ ಹೆಂಡತಿ ಕೈಗೂಸು ಎತ್ತಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಳು.

"ನಿಮ್ಮ ಕೆಲಸಕ್ಕೆ ಹೋಗಿ ಸಿಕ್ಕಂಡಾನ. ಅವನನ್ನ ಬಡಿಯಾಕತ್ತಾರ್ರಿ. ಸಂಜಿ ಒಳಗೆ ಒಪ್ಕೊಂಡ್ಬಿಡ್ತಾನ, ಆಮೇಲೆ ನಾವು ಎಲ್ಲಿಗೆ ಹೋಗನ್ರಿ?"

ಅತ್ತೆಯವರು ಒಳಗಿನಿಂದ, "ಹೊತ್ತಾರೆ ಬಾಗಿಲಾಗೆ ಅಳಬ್ಯಾಡ, ಎದ್ದೇಳು" ಎಂದು ಕೂಗಿದರು. ಅವಳು ಏಳಲಿಲ್ಲ. ಅತ್ತೆಯವರು ಹೊರಗೆ ಬಂದರು, ಮಾತಿಗೆ ಮಾತು ಬೆಳೆಯಿತು, ಕೂಸು ಕಿರುಚತೊಡಗಿತು. ಭಾವ ಆಗಷ್ಟೇ ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿ ಇರುವಾಗಲೇ ಪಡಸಾಲೆಗೆ ಬಂದರು. ಇಬ್ಬರನ್ನೂ ನೋಡಿದರು. ಕೋಟು ಹಾಕಿಕೊಂಡು ರುಮಾಲು ಸುತ್ತಿಕೊಂಡು, "ಇರವ್ವಾ, ಬಿಡಿಸ್ಕೊಂಬರ್ತೀನಿ" ಎಂದು ಹೊರಟರು. ಯಾವುದೋ ಜಗಳ ಮುಗಿಸಲು ಹೋಗುವ ಹಾಗೆಯೇ ಇತ್ತು ಅವರ ನಡಿಗೆ. ಹತ್ತಿಯ ಎಳೆಗಳ ನಡುವೆ ಅವರ ಬಿಳಿ ರುಮಾಲು ಓಣಿಯ ತಿರುವಿನಲ್ಲಿ ಕರಗಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಠಾಣೆಯಲ್ಲಿ ನಡೆದದ್ದನ್ನು ಆಮೇಲೆ ವಕೀಲರು ಹೇಳಿದರು. ಭಾವ ಹೋಗಿ ಇನ್ಸ್‌ಪೆಕ್ಟರ ಮುಂದೆ ನಿಂತು, "ಆ ಹುಡುಗನ್ನ ಬಿಡ್ರಿ ಸಾಹೇಬ್ರ. ಕೊಲೆ ಮಾಡಿದ್ದು ನಾನೇ" ಅಂದರಂತೆ. ಅವರ ಲೆಕ್ಕ ಸರಳವಾಗಿತ್ತು. ಮನೆಯಲ್ಲಿ ಹಾಗೆ ಅಂದರೆ ಮಾಡಿದವರು ನಾವಲ್ಲ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಜಗಳ ಮುಗಿಯುತ್ತದೆ. ಇಷ್ಟು ದೊಡ್ಡ ಮನೆತನದವನು ಬಂದು ನಾನೇ ಅಂದರೆ ಸಾಹೇಬರೂ ನಕ್ಕು, ಒಂದು ಕಪ್ ಕಾಫಿ ಕುಡಿಸಿ, ಇಬ್ಬರನ್ನೂ ಕಳಿಸಿಕೊಡುತ್ತಾರೆ ಎಂದುಕೊಂಡಿದ್ದರು ಪುಣ್ಯಾತ್ಮರು. ಆ ಪದ್ಧತಿ ನಮ್ಮ ಹೊಸ್ತಿಲೊಳಗಿನದು, ಠಾಣೆಗೆ ಅದರ ಪರಿಚಯವಿಲ್ಲ ಎಂದು ಅವರಿಗೆ ಹೊಳೆಯಲೇ ಇಲ್ಲ.

ಹಮಾಲನನ್ನು ಬಿಟ್ಟರು. ಭಾವನವರಿಗೆ ಕಾಫಿಯನ್ನೂ ಕೊಟ್ಟರು. ಆಮೇಲೆ ಮರ್ಯಾದೆಯಿಂದಲೇ ಒಂದೊಂದಾಗಿ ಕೇಳಿದರು.

"ಕಲ್ಲು ದೊಡ್ಡದಿತ್ತೇನು?"

"ದೊಡ್ಡದೇ ಇತ್ರಿ."

"ಒಬ್ಬರೇ ಎತ್ತಾಕೆ ಆಗದಷ್ಟು ದೊಡ್ಡದಾ?"

"ಇಲ್ರಿ, ಅಷ್ಟೇನು ದೊಡ್ಡದಲ್ಲ."

"ಕೈ ಹೊಳ್ಯಾಗೆ ತೊಳಕೊಂಡ್ರಾ?"

"ಹೂಂ, ತೊಳಕೊಂಡಿರಬೇಕು."

ಯಾರ ಮಾತಿಗೂ ಇಲ್ಲ ಅಂದು ಅಭ್ಯಾಸವಿಲ್ಲದ ಮನುಷ್ಯ. ಎದುರಿನವರ ಮನಸ್ಸು ಯಾವ ಕಡೆ ವಾಲುತ್ತದೋ ಆ ಕಡೆಗೆ ಇವರ ಉತ್ತರವೂ ವಾಲುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯ ಹೊತ್ತಿಗೆ ಮೂರು ಕೊಲೆಗಳೂ ಅವರ ಹೆಗಲ ಮೇಲಿದ್ದವು.

ಹಮಾಲ ಮರುದಿನ ಬಂದು ನಮ್ಮ ಕಟ್ಟೆಯ ಕೆಳಗೆ ಕುಳಿತ. ತಲೆ ಎತ್ತಲಿಲ್ಲ. ಅವನ ಹೆಂಡತಿ ಅಕ್ಕನ ಕಾಲು ಹಿಡಿದುಕೊಂಡಳು. ಅಕ್ಕ ಅವಳನ್ನು ಎಬ್ಬಿಸಿ, ಕೂಸಿಗೆ ಹಾಲು ಕೊಟ್ಟರು. ನನಗಾದರೆ ಎಲ್ಲರ ಮೇಲೂ ಸಿಟ್ಟು. ಭಾವನವರ ಮೇಲೆ ಎಲ್ಲರಿಗಿಂತ ಹೆಚ್ಚು. ಇಂಥ ಒಳ್ಳೆಯತನವನ್ನು ಒಲೆಗೆ ಹಾಕಬೇಕು ಎಂದು ಕೂಗಾಡಿದೆ. ಕೊಲೆಯಾದ ಮೂರೂ ರಾತ್ರಿ ಭಾವ ನಮ್ಮ ಜೊತೆ ಮನೆಯಲ್ಲೇ ಮಲಗಿದ್ದರು ಎಂದು ನಾವು ಹೇಳಿದ್ದಕ್ಕೆ ಬೆಲೆಯೇ ಸಿಗಲಿಲ್ಲ. ಮನೆಯವರು ಮನೆಯವರ ಪರವಾಗಿಯೇ ಹೇಳುತ್ತಾರಲ್ಲ ಅಂದರು. ಸಾಲದ್ದಕ್ಕೆ, ಭಾವ ಒಳಗೆ ಹೋದಮೇಲೆ ಊರಲ್ಲಿ ಕೊಲೆಗಳು ನಿಂತುಬಿಟ್ಟವು. ಇನ್ಸ್‌ಪೆಕ್ಟರಿಗೆ ಅದೇ ದೊಡ್ಡ ಸಾಕ್ಷಿಯಾಯಿತು. ಬರಬರುತ್ತಾ ಓಣಿಯವರೂ ನಮ್ಮ ಬಾವಿಗೆ ಬರುವುದನ್ನು ಕಡಿಮೆ ಮಾಡಿದರು.

ನಾನೂ ಅಕ್ಕನೂ ರೊಟ್ಟಿ, ಚಟ್ನಿಪುಡಿ, ವಿಭೂತಿ ಉಂಡೆ ಕಟ್ಟಿಕೊಂಡು ಸಬ್‌ಜೈಲಿಗೆ ಹೋಗುತ್ತಿದ್ದೆವು. ಮೊದಮೊದಲು ಭಾವ ನಗುತ್ತಲೇ ಇದ್ದರು. ಒಂದು ಮಧ್ಯಾಹ್ನ ಸರಳಿನ ಆಚೆ ಕುಳಿತು, ನಮ್ಮನ್ನು ದೂರದಿಂದ ನೋಡಿದ ಹಾಗೆ ನೋಡುತ್ತಾ ಅಂದರು.

"ಕನಸಾಗೆ ದಿನಾ ಆ ಮಂಟಪ ಕಾಣ್ತೈತೆ ಕಣೇ. ಹೊಳೆ ಮೇಲೆ ಮಂಜು ಐತೆ. ನಾನು ನೀರಾಗೆ ಕೈ ಅದ್ದಿ ಕೂತೀನಿ. ಕಲ್ಲು ಎಷ್ಟು ತಣ್ಣಗಿತ್ತು ಅನ್ನೋದೂ ನೆನಪೈತೆ. ಏನು ಗೊತ್ತು, ನಾನೇ ಮಾಡೀನೇನೋ."

ಬೇಸಿಗೆಯಲ್ಲಿ ಹೊಳೆಯ ಮೇಲೆ ಮಂಜೆಲ್ಲಿ? ಆ ಮಂಜು ನಾನು ಹೇಳಿದ್ದ ನನ್ನ ತವರಿನ ಚಳಿಗಾಲದ ಮಂಜು. ಊಟಕ್ಕೆ ಬಡಿಸುವಾಗ ನಾನು ಹರಿಹರದ ಹೊಳೆಯನ್ನು ಎಷ್ಟು ಸಲ ವರ್ಣಿಸಿರಲಿಲ್ಲ! ನನ್ನಿಂದ ಕೇಳಿದ್ದು, ಪೊಲೀಸರ ಪ್ರಶ್ನೆ, ಕಂಡ ಕನಸು ಎಲ್ಲ ಸೇರಿ ಅವರೊಳಗೆ ನೆನಪಾಗಿ ಗಟ್ಟಿಯಾಗುತ್ತಿದ್ದವು. ಮನೆಯ ಬಾಗಿಲ ಹತ್ತಿರ ಬಂದಾಗ ಅಕ್ಕ, "ಇನ್ನ ತಡ ಮಾಡಿದ್ರೆ ಇವರು ಉಳಿಯಲ್ಲ ತಂಗಿ. ಗಲ್ಲಿಗೆ ಅವರೇ ನಡಕೊಂಡು ಹೋಗ್ತಾರೆ" ಅಂದರು. ಅವತ್ತೇ ವಕೀಲರಿಗೆ ಹೇಳಿಕಳಿಸಿದರು, ಕೋರ್ಟಿನ ಸಾಹೇಬರ ಮುಂದೆ ತಾನು ಮಾತಾಡಬೇಕು ಎಂದು.

ಕೋರ್ಟಿನ ನಡೆನುಡಿ ನನಗೆ ಗೊತ್ತಿಲ್ಲ. ಎತ್ತರದ ಮಾಡು, ಅದರ ಜಂತೆಗಳ ಮೇಲೆ ಪಾರಿವಾಳ, ಕಿಟಕಿಯ ಬಿಸಿಲಿನಲ್ಲಿ ಇಲ್ಲಿಯೂ ತೇಲುತ್ತಿದ್ದ ಹತ್ತಿಯ ಎಳೆ. ಭಾವ ಕಟಕಟೆಯಲ್ಲಿ, ಅಕ್ಕ ಈಚೆ ಕಡೆ ಸೆರಗು ತಲೆಮೇಲೆ ಹೊದ್ದು. ಮ್ಯಾಜಿಸ್ಟ್ರೇಟರು ವಯಸ್ಸಾದವರು. ಏನು ಹೇಳುತ್ತೀಯಮ್ಮ ಎಂದು ಕೇಳಿದರು.

"ನಮ್ಮನೆಯವರ ಬಾಯಿಂದ ಬಂದ ಒಪ್ಪಿಗೆ ಯಾವುದೂ ಖರೇ ಅಲ್ರಿ ಸಾಹೇಬ್ರ. ಅಪ್ಪಣೆ ಆದ್ರೆ ನಾಕು ಮಾತು ಕೇಳ್ತೀನಿ. ನೀವೇ ನೋಡ್ರಿ."

ಸರ್ಕಾರದ ವಕೀಲರು ಏನೋ ತಕರಾರು ತೆಗೆದರು. ಮ್ಯಾಜಿಸ್ಟ್ರೇಟರು ಕೈ ಎತ್ತಿ ಸುಮ್ಮನಾಗಿಸಿ, ಕೇಳಮ್ಮ ಅಂದರು.

ಅಕ್ಕ ಗಂಡನ ಕಡೆ ತಿರುಗಿದರು. ಹತ್ತು ಜನರೆದುರು ಅವರನ್ನು ನೇರವಾಗಿ ನೋಡಿದ್ದು ಅದೇ ಮೊದಲಿರಬೇಕು.

"ಹೋದ ವರ್ಷ ಉಪ್ಪಿನಕಾಯಿಗೆ ಬೂಸಲು ಬಂತಲ್ಲ, ಯಾರ ತಪ್ಪು?"

"ನಂದೇ. ಹಸಿ ಕೈ ಹಾಕಿದ್ದೆ."

ಹಸಿ ಕೈ ಹಾಕಿದವಳು ನಾನು. ಅಲ್ಲಿದ್ದವರು ಕಿಸಕ್ಕನೆ ನಕ್ಕರು.

"ಬಾವಿ ಹಗ್ಗ ಹರಿದು ಕೊಡ ಮುಳುಗಿದ್ದು?"

"ಅದೂ ನಂದೇ ತಪ್ಪು, ಬಿಡ್ರಿ ಅತ್ಲಾಗೆ."

ಕೋರ್ಟೇ ನಕ್ಕಿತು. ಮ್ಯಾಜಿಸ್ಟ್ರೇಟರ ಮೀಸೆಯಲ್ಲೂ ನಗು ಕಂಡಿತು. ಅಕ್ಕ ಮಾತ್ರ ನಗಲಿಲ್ಲ. ನಗು ಇಳಿಯಲಿ ಎಂದು ಕಾದು, ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳಿದರು.

"ನಮ್ಮ ಮಗ ನಮ್ಮ ಪಾಲಿಗೆ ಉಳೀಲಿಲ್ಲ. ಅದು ಯಾರ ತಪ್ಪು?"

ಭಾವನವರ ಮುಖ ಒಂದು ಕ್ಷಣ ಬರಿದಾಯಿತು. ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಣೆಯ ವಿಭೂತಿ ಬೆವರಿನಲ್ಲಿ ಇಳಿಯತೊಡಗಿತು. ಆಮೇಲೆ ಎಲ್ಲೋ ಆಳದಿಂದ, "ನಂದು" ಅಂದರು. ಬಿಡ್ರಿ ಅತ್ಲಾಗೆ ಅನ್ನಲಿಲ್ಲ. ಮಕ್ಕಳ ಹಾಗೆ ಅಳತೊಡಗಿದರು.

ಅಕ್ಕ ಮ್ಯಾಜಿಸ್ಟ್ರೇಟರ ಕಡೆ ತಿರುಗಿ ಕೈಮುಗಿದರು.

"ಸಾಹೇಬ್ರ, ನಮಗೆ ಮಕ್ಕಳೇ ಆಗಿಲ್ಲ. ಹುಟ್ಟದ ಕೂಸಿನ ಸಾವನ್ನೂ ಒಪ್ಕೊಂಡ್ರು ನೋಡ್ರಿ. ಇಂಥವರ ಮಾತಿನ ಮೇಲೆ ಗಲ್ಲಿಗೆ ಕಳಿಸ್ತೀರೇನು?"

ಮ್ಯಾಜಿಸ್ಟ್ರೇಟರು ಪೆನ್ನು ಕೆಳಗಿಟ್ಟರು. ಮುಂದಿನದೆಲ್ಲ ವಕೀಲರ ಕೆಲಸ. ಕಲ್ಲಿನ ಗಾತ್ರ ಒಂದೊಂದು ಸಲ ಒಂದೊಂದು ಹೇಳಿದ್ದು, ಬೇಸಿಗೆಯ ಹೊಳೆಯ ಮೇಲಿನ ಮಂಜು, ಎಲ್ಲವೂ ಉಪಯೋಗಕ್ಕೆ ಬಂತು. ಕೆಲವು ದಿನಗಳಲ್ಲಿ ಭಾವ ಮನೆಗೆ ಬಂದರು. ಕೊಲೆಗಾರ ಸಿಗಲಿಲ್ಲ. ಮೊದಲ ಮಳೆಯ ಜೊತೆ ಅವನೂ ಹೊಳೆಯಲ್ಲಿ ಹರಿದುಹೋದ ಎಂದು ಜನ ತಮಗೆ ತಾವೇ ಹೇಳಿಕೊಂಡರು. ಆದರೂ ಭಾವ ಓಣಿಯಲ್ಲಿ ನಡೆದರೆ ಕೆಲವು ತಾಯಂದಿರು ಆಡುವ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಅದನ್ನು ಕಂಡಾಗ ಅಕ್ಕನ ಕೈಯ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಮಳೆ ಮುಗಿದು ಹೊಸ ಹತ್ತಿ ಬರುವ ಹೊತ್ತಿಗೆ ಅತ್ತೆಯವರು ಮಲೆಬೆನ್ನೂರಿನ ಕಡೆ ಒಂದು ಹೆಣ್ಣು ನೋಡಿಕೊಂಡು ಬಂದರು, ಭಾವನವರಿಗೆ. ಜೈಲು ಕಂಡು ಬಂದ ಗಂಡಿಗೆ ಹೆಣ್ಣು ಕೊಡುವವರು ಸಿಕ್ಕದ್ದೇ ಪುಣ್ಯ ಎಂಬ ಮಾತು ಬೇರೆ. ಪಡಸಾಲೆಯಲ್ಲಿ ಎಲ್ಲರೂ ಕುಳಿತಿದ್ದೆವು. ಅತ್ತೆಯವರು ಅಕ್ಕನ ಕಡೆ ನೋಡದೆಯೇ, "ಇಕೀ ಹೊಟ್ಟೆ ನಂಬಿಕೊಂಡ್ರೆ ನಮ್ಮ ವಂಶ ಬೆಳೀತೈತೇನು?" ಅಂದರು.

ಭಾವ ಈ ಸಲ ಚಪ್ಪಲಿ ಹುಡುಕಲಿಲ್ಲ. ಎದ್ದು ಅಲ್ಲೇ ನಿಂತರು. ಹಣೆ ಬೆವರಿತು.

"ಅವ್ವಾ, ತಪ್ಪು ಅಕೀದಲ್ಲ. ನಂದು. ಹಿಂದೇನೇ ಹುಬ್ಬಳ್ಳಿ ದವಾಖಾನೆಗೆ ಹೋಗಿದ್ದೆ. ಡಾಕ್ಟ್ರು ಪರೀಕ್ಷೆ ಮಾಡಿ ಹೇಳ್ಯಾರೆ. ನನಗೆ ಮಕ್ಕಳಾಗಲ್ಲ."

ಅತ್ತೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬಿಡೋ ಮಾರಾಯ ನಿನ್ನ ಒಪ್ಪಿಗೇನ! ಕೊಲೆ ಮಾಡೀನಿ ಅಂದಾಂವ ನೀನು, ಕೋರ್ಟೇ ನಂಬ್ಲಿಲ್ಲ. ಕಲ್ಲು ದೊಡ್ಡದಿತ್ತಾ ಸಣ್ಣದಿತ್ತಾ ಅಂತ ಕೇಳಿದ್ರೆ ಎರಡೂ ಅಂದಾಂವ. ಈಗ ಹುಬ್ಬಳ್ಳಿ ಡಾಕ್ಟ್ರು ಬಂದ್ರು. ನಿನ್ನ ಹೇಣ್ತೀನೇ ಹೇಳಲಿಲ್ಲೇನು ಸಾಹೇಬ್ರ ಮುಂದೆ, ಇವರ ಒಪ್ಪಿಗೆ ಯಾವುದೂ ಖರೇ ಅಲ್ಲ ಅಂತ?"

ನನ್ನ ಯಜಮಾನರೂ ನಕ್ಕರು. ಭಾವ "ಖರೇ ಅವ್ವಾ, ಖರೇ" ಅನ್ನುತ್ತಾ ಹೋದಷ್ಟೂ ನಗು ಹೆಚ್ಚಾಯಿತು. ನನಗೆ ನಗು ಬರಲಿಲ್ಲ. ಸುಳ್ಳು ಒಪ್ಪಿಗೆಗಳೆಲ್ಲ ಅವರ ಬಾಯಲ್ಲಿ ನೀರು ಕುಡಿದ ಹಾಗೆ ಸರಾಗವಾಗಿ ಬರುತ್ತಿದ್ದವು. ಇದು ಬೆವರು ಇಳಿಸಿಕೊಂಡು ಬಂತು, ಕಟಕಟೆಯಲ್ಲಿ ಬಂದ ಆ ಒಂದು ಮಾತಿನ ಹಾಗೆ. ಅಕ್ಕನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು.

ಕೊನೆಗೆ ಭಾವ, "ಮಲೆಬೆನ್ನೂರಿನ ಮಾತು ಬ್ಯಾಡ. ನಾನು ಒಲ್ಲೆ" ಅಂದರು. ಹೆತ್ತ ತಾಯಿಗೆ ಅವರು ಇಲ್ಲ ಅಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆ ಸಂಬಂಧ ಅಲ್ಲಿಗೇ ನಿಂತಿತು. ಆದರೆ ಅಕ್ಕನ ಮೇಲಿದ್ದ ಮಾತು ನಿಲ್ಲಲಿಲ್ಲ. ಅದನ್ನು ಅವರು ಕಡೆಯವರೆಗೂ ಕೇಳಿಸಿಕೊಂಡರು.

ಅವತ್ತು ಹೊತ್ತು ಇಳಿಯುವಾಗ ಹಿತ್ತಲಲ್ಲಿ ಅಕ್ಕ ತಂತಿಯ ಮೇಲಿನ ಸೀರೆಗೆ ಅಂಟಿದ ಹತ್ತಿಯ ಎಳೆಗಳನ್ನು ಬಿಡಿಸುತ್ತಾ ನಿಂತಿದ್ದರು. ನಾನು ಹೋಗಿ, "ಅಕ್ಕಾ, ಭಾವ ಹೇಳಿದ್ದು ಖರೇ" ಅಂದೆ.

"ಗೊತ್ತೈತೆ. ಕೋರ್ಟಾಗೇ ಗೊತ್ತಾತು. ಅವತ್ತು ಅವರು ಹೆಂಗೆ ಬೆವತರು ನೋಡಿದ್ಯಲ್ಲ."

ನನಗೆ ಕಣ್ಣೀರು ನುಗ್ಗಿ ಬಂತು. ಸಿಟ್ಟೂ ಬಂತು. "ಮತ್ತೆ ಯಾಕ ಸುಮ್ಮನೆ ಕುಂತ್ರಿ? ಈ ಒಂದು ಮಾತು ಖರೇ ಐತೆ ಅಂತ ನೀವು ಅಂದಿದ್ರೆ ಸಾಕಿತ್ತಲ್ಲ. ನಿಮ್ಮ ಮೇಲಿನ ಅಪವಾದ ಹೋಗ್ತಿತ್ತಲ್ಲ."

ಅಕ್ಕ ಬಿಡಿಸಿದ ಎಳೆಯನ್ನು ಬೆರಳಲ್ಲಿ ಉಂಡೆ ಮಾಡುತ್ತಾ ಓಣಿಯ ಕಡೆ ಒಮ್ಮೆ ನೋಡಿದರು. ದನಿ ತಗ್ಗಿಸಿದರು.

"ಅವರ ಒಂದು ಒಪ್ಪಿಗೆ ಖರೇ ಅಂತ ನಾನೇ ಅಂದ್ರೆ, ಉಳಿದಾವೂ ಖರೇ ಇರಬೌದು ಅಂತಾರೆ ತಂಗಿ. ಕೊಂದಾಂವ ಇನ್ನೂ ಸಿಕ್ಕಿಲ್ಲ."

ಸೀರೆ ಮಡಚಿ ಹೆಗಲ ಮೇಲೆ ಹಾಕಿಕೊಂಡು, ಒಲೆ ಹಚ್ಚಲು ಒಳಗೆ ಹೋದರು.